ಮೊದಲು ನೀರನ್ನು ಸಾಕಿ, ಆಮೇಲೆ ಮೀನು ತನ್ನಿ

ಮೀನು ಸಾಕಬೇಕು ಅಂತ ಅನ್ನಿಸಿದ ದಿನವೇ ಟ್ಯಾಂಕನ್ನೂ ಮೀನನ್ನೂ ಒಟ್ಟಿಗೆ ಹೊತ್ತುಕೊಂಡು ಬಂದವನು ನಾನು. ಗಾಜು ತೊಳೆದು, ನಲ್ಲಿ ನೀರು ತುಂಬಿಸಿ, ಬಣ್ಣದ ಕಲ್ಲು ಹಾಕಿ, ರಾತ್ರಿ ಎಂಟಕ್ಕೆಲ್ಲ ಆರು ಮೀನು ಬಿಟ್ಟಾಗಿತ್ತು. ಮನೆಯವರೆಲ್ಲ ಸುತ್ತ ಕೂತು ನೋಡಿದ್ದೇ ನೋಡಿದ್ದು. ನಾಲ್ಕನೇ ದಿನ ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಯಿತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂಬತ್ತನೇ ದಿನಕ್ಕೆ ಒಂದೂ ಉಳಿದಿರಲಿಲ್ಲ. ಮಾರಿದವರನ್ನು ಕೇಳಿದರೆ "ಮೀನು ಅಂದ್ರೆ ಹಾಗೇ ಸಾರ್, ಸಾಯೋದು ಸಹಜ" ಅಂದರು. ಸಹಜ ಅಂತೆ! ನೀರು ಕೊಂದದ್ದು, ಆ ನೀರು ತುಂಬಿಸಿದ್ದು ನಾನು.

ನಾಯಿ ತಂದರೆ ಅದು ನಮ್ಮ ಮನೆಗೆ ಹೊಂದಿಕೊಳ್ಳುತ್ತದೆ. ಸೋಫಾ ಇಷ್ಟವಾಗದಿದ್ದರೆ ಎದ್ದು ಹೋಗಿ ಬಾಗಿಲ ಬಳಿ ಮಲಗುತ್ತದೆ. ಮೀನು, ಸಿಗಡಿ, ಏಡಿ, ಗೆಕೊ ಹಲ್ಲಿ, ಒಣ ಕಡ್ಡಿಯ ಹಾಗೇ ಕಾಣುವ ಕಡ್ಡಿಹುಳುಗಳಿಗೆ ಆ ದಾರಿಯೇ ಇಲ್ಲ. ನಾವು ಕಟ್ಟಿಕೊಟ್ಟ ಪೆಟ್ಟಿಗೆಯೊಳಗಿನ ನೀರು, ಬಿಸಿ, ತೇವ ಅಷ್ಟೇ ಅವುಗಳ ಪ್ರಪಂಚ. ಹಾಗಾಗಿ ಈ ಪ್ರಾಣಿಗಳನ್ನು ಮನೆ ತುಂಬಿಸಿಕೊಳ್ಳುವ ಕೆಲಸದಲ್ಲಿ ಮುಕ್ಕಾಲು ಪಾಲು ಅವು ಬರುವ ಮುಂಚೆಯೇ ಮುಗಿದಿರಬೇಕು.

ಖಾಲಿ ಟ್ಯಾಂಕ್ ನೋಡುತ್ತಾ ಕೂರುವ ಆರು ವಾರ

ಮೀನು ಕಿವಿರುಗಳ ಮೂಲಕವೇ ಅಮೋನಿಯಾ ಬಿಡುತ್ತಿರುತ್ತದೆ. ಅದರ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಕೆರೆಯಲ್ಲಾದರೆ ಅಷ್ಟು ನೀರಿನಲ್ಲಿ ಕರಗಿ ಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲೇ ಸೇರಿ ಮೀನಿನ ಕಿವಿರು ಸುಡುತ್ತದೆ. ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇವೆ. ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರಲಾಗದ ಹಾಗೆ ಮಾಡಿಬಿಡುತ್ತದೆ. ಆಮೇಲೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಬಂದು ಅದನ್ನು ನೈಟ್ರೇಟ್ ಮಾಡುತ್ತವೆ. ಇದರ ತೊಂದರೆ ಕಡಿಮೆ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ.

ಈ ಎರಡೂ ಬಳಗ ಫಿಲ್ಟರಿನ ಸ್ಪಂಜು, ಕಲ್ಲು, ಮರದ ತುಂಡುಗಳ ಮೇಲೆ ಅಂಟಿಕೊಂಡು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನು ಸಾಕುವವರು ಇದಕ್ಕೆ ಟ್ಯಾಂಕ್ ಸೈಕಲ್ ಮಾಡುವುದು ಅನ್ನುತ್ತಾರೆ. ಮಾಡುವುದು ಹೀಗೆ: ಟ್ಯಾಂಕ್ ತುಂಬಿಸಿ, ಫಿಲ್ಟರ್ ಹಚ್ಚಿ, ಮೀನಿಲ್ಲದೆಯೇ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಹೋಗಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾಕ್ಕೆ ಊಟ ಸಿಗುತ್ತದೆ. ಒಂದು ಟೆಸ್ಟ್ ಕಿಟ್ ತಂದಿಟ್ಟುಕೊಳ್ಳಿ, ಹನಿ ಹಾಕಿ ಬಣ್ಣ ನೋಡುವ ಥರದ್ದು. ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ಅದು ಇಳಿದು ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ದಿನಾ ಆಹಾರ ಬೀಳುತ್ತಿದ್ದರೂ ಅಮೋನಿಯಾ 0, ನೈಟ್ರೈಟ್ 0 ಅಂತ ಕೆಲವು ದಿನ ಒಂದೇ ಸಮ ಬಂದರೆ ನೀರು ಪಳಗಿತು ಅಂತ ಲೆಕ್ಕ. ಗೆಳೆಯರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇದ್ದರೆ ಅದರ ಫಿಲ್ಟರಿನ ಹಳೇ ಸ್ಪಂಜಿನ ತುಂಡು ಕೇಳಿ ತನ್ನಿ. ನೋಡಲು ಗಲೀಜು, ಆದರೆ ಅದನ್ನು ನಿಮ್ಮ ಫಿಲ್ಟರಿನಲ್ಲಿಟ್ಟರೆ ಕಾಯುವ ದಿನ ಎಷ್ಟೋ ಕಡಿಮೆಯಾಗುತ್ತದೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ಲ, ಅದು ಮೀನಿನ ಕಿವಿರಿಗೂ ಕೆಟ್ಟದ್ದು, ಈ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಬಕೆಟ್ಟಿನಲ್ಲಿ ತುಂಬಿಸಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಆದರೆ ಕೆಲವು ಕಡೆ ಕ್ಲೋರಮೈನ್ ಹಾಕುತ್ತಾರೆ. ಅದು ಸುಮ್ನೆ ಇಟ್ಟರೆ ಹೋಗುವುದಿಲ್ಲ, ಡಿಕ್ಲೋರಿನೇಟರ್ ಹನಿ ಹಾಕಲೇಬೇಕು. ಯಾವುದು ಅಂತ ತಲೆಕೆಡಿಸಿಕೊಳ್ಳುವ ಬದಲು ಯಾವಾಗಲೂ ಹನಿ ಹಾಕಿಬಿಡಿ. ಇದೇ ಕಾರಣಕ್ಕೆ ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಉಜ್ಜಬೇಡಿ. ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಒಂದೆರಡು ಸಲ ಹಿಂಡಿದರೆ ಸಾಕು. ಮನೆಯಲ್ಲಿ ತುಂಬಾ ಚೊಕ್ಕಟದವರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಇದನ್ನು ಮೊದಲೇ ಹೇಳಿಡಿ.

ಟ್ಯಾಂಕ್ ಎಷ್ಟು ದೊಡ್ಡದಿರಬೇಕು? ಆದಷ್ಟೂ ದೊಡ್ಡದು. ಚಿಕ್ಕದಾದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ನೀರು ಕಡಿಮೆ ಇದ್ದಷ್ಟೂ ಅದು ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60 × 30 × 36 ಅಂದರೆ ಹತ್ತಿರಹತ್ತಿರ 65 ಲೀಟರ್, ಮೊದಲ ಸಲಕ್ಕೆ ಒಳ್ಳೆಯ ಅಳತೆ. ಒಂದು ಲೀಟರ್ ನೀರು ಒಂದು ಕಿಲೋ ಅನ್ನುವುದನ್ನು ಮರೆಯಬೇಡಿ, ಅದರ ಮೇಲೆ ಗಾಜು, ಕಲ್ಲು ಬೇರೆ. ಪುಸ್ತಕದ ಶೆಲ್ಫು ಇಷ್ಟು ಭಾರ ತಡೆಯುವುದಿಲ್ಲ. ನೇರ ಬಿಸಿಲು ಬೀಳುವ ಕಿಟಕಿ ಪಕ್ಕವೂ ಬೇಡ, ಪಾಚಿ ಉಜ್ಜಿ ಉಜ್ಜಿ ಸಾಕಾಗುತ್ತದೆ.

ಗುಂಡನೆ ಗಾಜಿನ ಬೋಗುಣಿ ಬೇಡವೇ ಬೇಡ. ಚರ್ಚೆಯೇ ಇಲ್ಲ.

ಯಾರನ್ನು ಕರೆತರುವುದು

ಮಕ್ಕಳಿರುವ ಮನೆಗೆ ಮೊದಲು ಬರುವುದು ಸಾಮಾನ್ಯವಾಗಿ ಗೋಲ್ಡ್ ಫಿಶ್. ಆದರೆ ಅದು ಪುಟ್ಟ ಮೀನು ಅನ್ನುವುದೇ ತಪ್ಪು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ, ಉದ್ದ ದೇಹದ ಸಾಮಾನ್ಯ ಜಾತಿ 30 ಸೆಂಟಿಮೀಟರಿನವರೆಗೂ ಬೆಳೆಯಬಹುದು, ಗಲೀಜು ಮಾಡುವುದೂ ಜಾಸ್ತಿ. ಅದಕ್ಕೆ ತಂಪು ನೀರು ಇಷ್ಟ, ಬೆಚ್ಚಗಿನ ನೀರಿನ ಮೀನುಗಳ ಜೊತೆ ಇಡಬಾರದು. ಇನ್ನು "ಗಾಜು ಕ್ಲೀನ್ ಮಾಡುತ್ತೆ" ಅಂತ ಕೊಡುವ ಸಕ್ಕರ್ ಮೀನು. ಕೊಡುವಾಗ ಬೆರಳುದ್ದ ಇರುತ್ತದೆ, ಬೆಳೆದರೆ ಅದೂ 30 ಸೆಂಟಿಮೀಟರ್ ದಾಟುತ್ತದೆ, ಆಗ ಅದನ್ನು ಇಡಲು ಇನ್ನೊಂದು ದೊಡ್ಡ ಟ್ಯಾಂಕ್ ಬೇಕು. ಕ್ಲೀನ್ ಮಾಡಲು ತಂದವರೇ ಅದರ ಹಿಕ್ಕೆ ಕ್ಲೀನ್ ಮಾಡುತ್ತಾ ಕೂರಬೇಕಾಗುತ್ತದೆ.

ನನ್ನನ್ನು ಕೇಳಿದರೆ ಮೊದಲಿಗೆ ಒಂದೇ ಒಂದು ಫೈಟರ್ ಮೀನು, ಅಂದರೆ ಬೆಟ್ಟಾ. 20 ಲೀಟರಿಗೆ ಕಡಿಮೆಯಿಲ್ಲದ ಟ್ಯಾಂಕ್, 24ರಿಂದ 28 ಡಿಗ್ರಿ ನೀರು, ಅಷ್ಟಿದ್ದರೆ ಸಾಕು. ಇದು ನೀರಿನ ಮೇಲಕ್ಕೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು, ಅದಕ್ಕೆಂದೇ ಇದರ ತಲೆಯಲ್ಲಿ ಒಂದು ಅಂಗ ಇದೆ. ಹಾಗಂತ ಲೋಟದಲ್ಲಿ ಇಡಬಹುದು ಅಂತಲ್ಲ. ಎರಡು ಗಂಡನ್ನು ಒಟ್ಟಿಗೆ ಬಿಟ್ಟರೆ ಹೊಡೆದಾಡಿ ಸಾಯುತ್ತವೆ. ಗುಂಪಾಗಿ ಓಡಾಡುವ ಮೀನು ಬೇಕು ಅನ್ನುವವರು ನಿಯಾನ್ ಟೆಟ್ರಾ ತರಬಹುದು, ಆರಕ್ಕೆ ಕಡಿಮೆ ಬೇಡ, ಒಂಟಿಯಾದರೆ ಹೆದರಿ ಬಣ್ಣ ಕಳೆದುಕೊಳ್ಳುತ್ತವೆ. ಇವು ಟ್ಯಾಂಕ್ ಕೆಲವು ತಿಂಗಳು ಹಳೆಯದಾದ ಮೇಲೆ ಬಂದರೇ ಒಳ್ಳೆಯದು. ಗಪ್ಪಿ ತರುವುದಾದರೆ ಬರೀ ಗಂಡು ತನ್ನಿ. ಒಂದೇ ಒಂದು ಹೆಣ್ಣು ತಂದರೆ ಏನಾಗುತ್ತದೆ ಅಂತೀರಾ? ಅದು ಅಂಗಡಿಯ ಟ್ಯಾಂಕಿನಲ್ಲೇ ಕೂಡಿಬಂದಿರುತ್ತದೆ, ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಳ್ಳಬಲ್ಲದು. ಸುಮಾರು ತಿಂಗಳಿಗೊಂದು ಸಲದಂತೆ ಮರಿ ಹಾಕುತ್ತಲೇ ಹೋಗುತ್ತದೆ.

ತಂದ ದಿನ

ಪ್ಲಾಸ್ಟಿಕ್ ಚೀಲದಲ್ಲಿ ಮೀನು ಬಂತು. ಮೊದಲು ಟ್ಯಾಂಕಿನ ಲೈಟ್ ಆರಿಸಿ. ಚೀಲ ಬಿಚ್ಚದೆ ಹಾಗೇ ನೀರಿನ ಮೇಲೆ ತೇಲಬಿಡಿ, 15ರಿಂದ 20 ನಿಮಿಷ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬಿಸಿಗೆ ಬರುತ್ತವೆ. ಆಮೇಲೆ ಚೀಲದ ಬಾಯಿ ಬಿಚ್ಚಿ, ಅಂಚನ್ನು ಪ್ಯಾಂಟಿನ ಕಾಲು ಮಡಚುವ ಹಾಗೆ ಹೊರಕ್ಕೆ ಮಡಚಿ, ಚೀಲ ತೇಲುತ್ತಿರುತ್ತದೆ. ಐದೈದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕಿನ ನೀರನ್ನು ಚೀಲಕ್ಕೆ ಹಾಕುತ್ತಾ ಬನ್ನಿ. ಅರ್ಧ ಗಂಟೆ ಹೀಗೆ ಮಾಡಿ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಅದರಲ್ಲಿ ಏನೇನು ರೋಗ ಇದೆಯೋ ಯಾರು ಕಂಡಿದ್ದಾರೆ.

ಒಂದು ಸಂದರ್ಭದಲ್ಲಿ ಮಾತ್ರ ಈ ನಿಧಾನ ಕೆಲಸಕ್ಕೆ ಬಾರದು. ಮೀನು ಪಾರ್ಸೆಲ್ಲಿನಲ್ಲಿ ಒಂದು ದಿನ ಪೂರ್ತಿ ಪ್ರಯಾಣ ಮಾಡಿ ಬಂದಿದ್ದರೆ ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಮೀನು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಕೂಡ ಅಲ್ಲೇ ಸೇರಿ ನೀರನ್ನು ಹುಳಿ ಮಾಡಿರುವುದರಿಂದ ಆ ಅಮೋನಿಯಾ ಅಷ್ಟು ಕಚ್ಚುತ್ತಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗುತ್ತದೆ, ಹುಳಿ ಇಳಿಯುತ್ತದೆ, ಅದೇ ಅಮೋನಿಯಾ ಈಗ ಘೋರ ವಿಷ. ಹಾಗಾಗಿ ಬಿಸಿ ಸಮ ಆಗುವವರೆಗೆ ಮುಚ್ಚಿದ ಚೀಲವನ್ನೇ ತೇಲಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ನೀರಿಗೆ ಬಿಡಿ.

ಮನೆಯಲ್ಲಿ ಆಗಲೇ ಮೀನುಗಳಿದ್ದರೆ ಹೊಸಬರನ್ನು ನೇರ ಒಳಗೆ ಬಿಡುವಂತಿಲ್ಲ. ಬೇರೆ ಒಂದು ಸಾದಾ ಟ್ಯಾಂಕಿನಲ್ಲಿ ಎರಡರಿಂದ ನಾಲ್ಕು ವಾರ ಇಟ್ಟು ನೋಡಿ. ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದರೆ ಅದು ಪರೋಪಜೀವಿಯ ರೋಗ. ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸುವುದೇ ಎಲ್ಲರೂ ಮಾಡುವ ತಪ್ಪು. ಆ ಜೀವಿ ಮೀನಿನ ಮೈಯಿಂದ ಉದುರಿ ತಳದಲ್ಲಿ ಕೂತು ನೂರಾರು ಮರಿಯಾಗುತ್ತದೆ, ಅವು ಈಜಾಡುವಾಗ ಮಾತ್ರ ಔಷಧಿ ತಾಗುವುದು. ಡಬ್ಬಿಯ ಮೇಲೆ ಬರೆದಷ್ಟು ದಿನ ಪೂರ್ತಿ ಹಾಕಿ.

ಮೊದಲ ದಿನ ಊಟ ಬೇಡ, ಲೈಟೂ ಬೇಡ. ಮೂಲೆಯಲ್ಲಿ ಅವಿತುಕೊಂಡರೆ ಅವಿತುಕೊಳ್ಳಲಿ. ಎರಡನೇ ದಿನದಿಂದ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ.

ನಮ್ಮ ಬೆಟ್ಟಾ ಬಂದ ಮೂರನೇ ಸಂಜೆ ಒಂದು ವಿಚಿತ್ರ ನೋಡಿದೆವು. ರೂಮಿನ ಲೈಟ್ ಆರಿಸಿ ಟ್ಯಾಂಕಿನದ್ದು ಮಾತ್ರ ಹಾಕಿದ್ದೆ, ಚೆಂದ ಕಾಣುತ್ತದೆ ಅಂತ. ಮೀನು ಗಾಜಿನ ಒಂದು ಮೂಲೆಗೆ ಹೋಗಿ ಕಿವಿರು ಮುಚ್ಚಳವನ್ನು ಕೊಡೆ ಬಿಚ್ಚಿದ ಹಾಗೆ ಅಗಲಿಸಿ, ರೆಕ್ಕೆಯೆಲ್ಲ ನಿಮಿರಿಸಿ, ಮುಂದೆ ಹೋಗುವುದು, ಹಿಂದೆ ಬರುವುದು. ಕುಣಿಯುತ್ತಿದೆ ಅಂತ ಮಕ್ಕಳು ಚಪ್ಪಾಳೆ ತಟ್ಟಿದರು. ಕುಣಿತ ಎಲ್ಲಿಂದ ಬಂತು, ಹೊರಗೆ ಕತ್ತಲಾದರೆ ಒಳಗಿನ ಗಾಜು ಕನ್ನಡಿಯಾಗುತ್ತದೆ, ಪಾಪ ಅದು ತನ್ನ ಬಿಂಬದ ಜೊತೆ ಜಗಳಕ್ಕೆ ನಿಂತಿತ್ತು. ರೂಮಿನ ಲೈಟ್ ಹಾಕಿದೆ, ಅರ್ಧ ನಿಮಿಷದಲ್ಲಿ ರೆಕ್ಕೆ ಇಳಿಸಿ ಎಲೆಯ ಮೇಲೆ ಹೋಗಿ ಒರಗಿಕೊಂಡಿತು. ಅವತ್ತಿನಿಂದ ರಾತ್ರಿ ಟ್ಯಾಂಕಿನ ಲೈಟ್ ಮೊದಲು ಆರಿಸುತ್ತೇವೆ, ರೂಮಿನದ್ದು ಆಮೇಲೆ.

ಮನೆಯವರಿಗೆ ಪರಿಚಯ

ಮೀನನ್ನು ಎತ್ತಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಮಕ್ಕಳು ಗಾಜು ತಟ್ಟುತ್ತಾರೆ. ಮೀನಿನ ಮೈಯ ಎರಡೂ ಬದಿಯಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುವ ಒಂದು ಗೆರೆ ಇರುತ್ತದೆ. ನಮ್ಮ ಒಂದು ಟಕ್ ಅದಕ್ಕೆ ಬಾಗಿಲು ಒಡೆದ ಸದ್ದು. ಬೇಡ ಅಂತ ಗದರಿಸುವುದಕ್ಕಿಂತ ಒಂದು ಕೆಲಸ ಕೊಡುವುದು ಮೇಲು. ದಿನಾ ಬೆಳಿಗ್ಗೆ ಮೀನು ಎಣಿಸುವುದು ಮಗುವಿನ ಕೆಲಸ. ಇದು ಸುಮ್ನೆ ಆಟ ಅಂದುಕೊಳ್ಳಬೇಡಿ. ಒಂದು ಮೀನು ಕಲ್ಲಿನ ಹಿಂದೆ ಸತ್ತು ಕೊಳೆತರೆ ಸಣ್ಣ ಟ್ಯಾಂಕಿನಲ್ಲಿ ಉಳಿದವಕ್ಕೂ ಕುತ್ತು, ಎಣಿಸುವ ಮನೆಯಲ್ಲಿ ಅದು ಅವತ್ತೇ ಗೊತ್ತಾಗುತ್ತದೆ. ಊಟ ಹಾಕುವುದು ಮಾತ್ರ ಒಬ್ಬರ ಕೈಯಲ್ಲಿರಲಿ, ಇಲ್ಲದಿದ್ದರೆ ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಸಲ ಊಟವಾಗುತ್ತದೆ.

ಊಟ ಹಾಕುವವರನ್ನು ಮೀನು ಗುರುತು ಹಿಡಿಯುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಬಾಯಿಂದ ನೀರು ಚಿಮ್ಮಿ ಹುಳ ಬೀಳಿಸುವ ಆರ್ಚರ್ ಫಿಶ್ ಅಂತ ಒಂದಿದೆ. ಅದು ಮನುಷ್ಯರ ಮುಖಗಳಲ್ಲಿ ಕಲಿತ ಒಂದನ್ನು ಬೇರ್ಪಡಿಸಿ ಗುರುತಿಸಬಲ್ಲದು ಅಂತ 2016ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ನಿಮ್ಮ ಮೀನು ಎರಡು ವಾರದಲ್ಲಿ ನೀವು ಹತ್ತಿರ ಬಂದ ಕೂಡಲೇ ಮುಂದಕ್ಕೆ ಓಡಿಬರತೊಡಗಿದರೆ ಆಶ್ಚರ್ಯಪಡಬೇಡಿ. ಪ್ರೀತಿಯೋ ಹಸಿವೋ, ಅದು ನಿಮಗೆ ಬಿಟ್ಟದ್ದು.

ಬೆಕ್ಕಿದ್ದರೆ ಗಟ್ಟಿ ಮುಚ್ಚಳ. ಬೆಕ್ಕಿಲ್ಲದಿದ್ದರೂ ಮುಚ್ಚಳ, ಮೀನು ತಾನೇ ಹಾರಿ ಬೀಳುತ್ತದೆ.

ಉಳಿದ ವಿಚಿತ್ರ ಅತಿಥಿಗಳು

ಟ್ಯಾಂಕ್ ಪಳಗಿದ ಮೇಲೆ ಆಸೆ ನಿಲ್ಲುವುದಿಲ್ಲ. ಮೊದಲು ಸೇರುವುದು ಚೆರ್ರಿ ಸಿಗಡಿ, ಕೆಂಪಗೆ, ಎರಡು ಮೂರು ಸೆಂಟಿಮೀಟರ್. ಮೀನಿಗಿಂತ ಸೂಕ್ಷ್ಮ. ಅರ್ಧ ಗಂಟೆ ಸಾಲದು, ಸಣ್ಣ ಪೈಪಿಗೆ ಗಂಟು ಹಾಕಿ ತೊಟ್ಟು ತೊಟ್ಟಾಗಿ ಟ್ಯಾಂಕಿನ ನೀರನ್ನು ಒಂದೆರಡು ಗಂಟೆ ಬಿಟ್ಟು ಒಗ್ಗಿಸಬೇಕು. ತಾಮ್ರ ಇವಕ್ಕೆ ಪರಮ ವಿಷ, ಮೀನಿನ ಕೆಲವು ಔಷಧಿಗಳಲ್ಲಿ ಅದು ಇರುತ್ತದೆ, ಡಬ್ಬಿ ಓದದೆ ಹಾಕಬೇಡಿ. ಒಂದು ಬೆಳಿಗ್ಗೆ ತಳದಲ್ಲಿ ಸಿಗಡಿ ಸತ್ತು ಬಿದ್ದಿದೆ ಅಂತ ಬೇಜಾರು ಮಾಡಿಕೊಂಡು ಬಲೆ ತಂದೆ. ಹತ್ತಿರ ನೋಡಿದರೆ ಗಾಜಿನ ಹಾಗೆ ಪಾರದರ್ಶಕ, ಕಣ್ಣಿನ ಗುರುತು, ಮೀಸೆಯ ಗುರುತು ಎಲ್ಲ ಇದೆ, ಬೆನ್ನ ಮೇಲೆ ಒಂದು ಸೀಳು, ಒಳಗೆ ಏನೂ ಇಲ್ಲ. ಬೆಳೆದಂತೆಲ್ಲ ಹಳೇ ಚಿಪ್ಪು ಕಳಚಿಟ್ಟು ಹೊರಬರುತ್ತದೆ ಅದು. ಆ ಚಿಪ್ಪು ತೆಗೆಯಬೇಡಿ, ಅವೇ ತಿಂದು ಸುಣ್ಣದಂಶ ವಾಪಸ್ ಪಡೆಯುತ್ತವೆ. ಸತ್ತ ಸಿಗಡಿ ಮಸುಕಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಮಾತ್ರ ತೆಗೆಯಿರಿ.

ಖಾಲಿ ಶಂಖದ ಚಿಪ್ಪನ್ನೇ ಮನೆ ಮಾಡಿಕೊಂಡು ಹೊತ್ತು ನೆಲದ ಮೇಲೆ ಓಡಾಡುವ ಹರ್ಮಿಟ್ ಏಡಿ ತುಂಬಾ ಅನ್ಯಾಯಕ್ಕೆ ಒಳಗಾಗುವ ಪ್ರಾಣಿ. ಬಣ್ಣ ಬಳಿದ ಚಿಪ್ಪು, ತಂತಿಯ ಪಂಜರ, ಒದ್ದೆ ಸ್ಪಂಜು ಇಷ್ಟು ಕೊಟ್ಟು "ಮೇಂಟೆನೆನ್ಸ್ ಇಲ್ಲ" ಅನ್ನುತ್ತಾರೆ. ಇದು ಕಿವಿರಿನಿಂದಲೇ ಉಸಿರಾಡುತ್ತದೆ, ಕಿವಿರು ಒದ್ದೆಯಾಗಿರಲು ಗಾಳಿಯಲ್ಲಿ ತೇವ 70-80 ಶೇಕಡಾ ಇರಬೇಕು. ತಂತಿ ಪಂಜರದಲ್ಲಿ ಅದು ನಿಧಾನವಾಗಿ ಉಸಿರುಗಟ್ಟಿ ಸಾಯುತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ. ಮುಚ್ಚಿದ ಗಾಜಿನ ಟ್ಯಾಂಕ್ ಬೇಕು. ಕ್ಲೋರಿನ್ ತೆಗೆದ ಎರಡು ಬಟ್ಟಲು ನೀರು, ಒಂದು ಸಿಹಿ, ಒಂದು ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿದ್ದು. ಸ್ವಲ್ಪ ದೊಡ್ಡ ಅಳತೆಯ ಬಣ್ಣವಿಲ್ಲದ ನಾಲ್ಕಾರು ಚಿಪ್ಪುಗಳು. ಏಡಿ ಪೂರ್ತಿ ಹೂತುಕೊಳ್ಳುವಷ್ಟು ಆಳಕ್ಕೆ ಒದ್ದೆ ಮರಳು. ಕವಚ ಕಳಚಲು ಅದು ಮರಳಿನೊಳಗೆ ವಾರಗಟ್ಟಲೆ ಕಾಣೆಯಾಗುತ್ತದೆ. ಸತ್ತಿದೆಯಾ ಅಂತ ಅಗೆದು ನೋಡಿದಿರೋ, ಆಗ ನಿಜವಾಗಿ ಸಾಯುತ್ತದೆ. ಇವುಗಳನ್ನು ಹೆಚ್ಚುಕಡಿಮೆ ಎಲ್ಲ ಕಡೆಯೂ ಸಮುದ್ರ ದಂಡೆಯಿಂದಲೇ ಹಿಡಿದು ಮಾರುವುದು. ಹಾಗಾಗಿ ಹೊಸದಾಗಿ ಕೊಳ್ಳುವುದಕ್ಕಿಂತ ಯಾರೋ ಸಾಕಲಾಗದೆ ಕೊಡುವುದನ್ನು ತಂದುಕೊಳ್ಳಿ ಅಂತ ನನ್ನ ಸಲಹೆ.

ಲೆಪರ್ಡ್ ಗೆಕೊ ಅನ್ನುವ ಹಲ್ಲಿ ಪರಿಚಯ ಮಾಡಿಸಲು ತುಂಬಾ ಒಳ್ಳೆಯದು, ರೆಪ್ಪೆ ಇರುವ ಹಲ್ಲಿ, ಕಣ್ಣು ಮಿಟುಕಿಸುತ್ತದೆ, ಗೋಡೆ ಹತ್ತಲಾರದು. ಟ್ಯಾಂಕಿನ ಒಂದು ಬದಿ ಸುಮಾರು 32 ಡಿಗ್ರಿ, ಇನ್ನೊಂದು ಬದಿ ತಂಪು, ಎರಡೂ ಕಡೆ ಅಡಗಲು ಜಾಗ. ಮೊದಲ ವಾರ ಯಾರೂ ಮುಟ್ಟಬೇಡಿ. ಆಮೇಲೆ ಅಂಗೈಯನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟು ಸುಮ್ನೆ ಕೂರಿ. ಅದು ಬಂದು ನಾಲಿಗೆಯಿಂದ ನಿಮ್ಮ ಬೆರಳು ನೆಕ್ಕಿ ವಾಸನೆ ತಿಳಿದುಕೊಳ್ಳುತ್ತದೆ. ಮೇಲಿಂದ ಕೈ ಹಾಕಿ ಹಿಡಿಯುವುದು ಅದರ ಕಣ್ಣಿಗೆ ಹದ್ದು ಎರಗಿದ ಹಾಗೆ. ಹೆದರಿದರೆ ಬಾಲ ಕಳಚಿ ಓಡುತ್ತದೆ. ಬಾಲ ಮತ್ತೆ ಬರುತ್ತದೆ ನಿಜ, ಆದರೆ ಅದು ಕೊಬ್ಬು ಕೂಡಿಡುವ ಉಗ್ರಾಣ, ಕಳೆದುಕೊಂಡರೆ ನಷ್ಟ. ಹದಿನೈದು ವರ್ಷ ದಾಟಿ ಬದುಕುವ ಪ್ರಾಣಿ, ಜೀವಂತ ಹುಳ ತಿನ್ನುತ್ತದೆ. ಹುಳದ ಡಬ್ಬಿ ಮನೆಯಲ್ಲಿರುವುದಕ್ಕೆ ಎಲ್ಲರ ಒಪ್ಪಿಗೆ ಇದೆಯಾ, ಮೊದಲೇ ಕೇಳಿ.

ಕಡ್ಡಿಹುಳು ಇದೆಯಲ್ಲ, ಅದರಷ್ಟು ಸುಲಭ ಯಾವುದೂ ಇಲ್ಲ. ಹುಳದ ಮೂರರಷ್ಟು ಎತ್ತರದ ಡಬ್ಬಿ ಇರಲಿ, ಅದು ತಲೆಕೆಳಗಾಗಿ ನೇತಾಡಿ ಪೊರೆ ಕಳಚುತ್ತದೆ, ಎತ್ತರ ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಔಷಧಿ ಹೊಡೆಯದ ಸೊಪ್ಪು, ನೀರಿನ ಸ್ಪ್ರೇ, ಅಷ್ಟೇ ಖರ್ಚು. ಹೆಚ್ಚಾಗಿ ಸಾಕುವ ಜಾತಿಯಲ್ಲಿ ಬಹುತೇಕ ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ಡಬ್ಬಿಯ ತಳದಲ್ಲಿ ಬೀಜದ ಹಾಗೆ ಬಿದ್ದಿರುವುದೇ ಮೊಟ್ಟೆ. ಬೇಡವಾದದ್ದನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಕಸಕ್ಕೆ ಹಾಕಿ.

ಆಮೆ ಬಗ್ಗೆ ಎರಡೇ ಮಾತು. ನಾಣ್ಯದಷ್ಟಿರುವ ಕೆಂಪು ಕಿವಿಯ ಸ್ಲೈಡರ್ ಆಮೆ ತಟ್ಟೆಯಷ್ಟಾಗುತ್ತದೆ, ಮೂವತ್ತು ವರ್ಷವೂ ಬದುಕಬಹುದು. ಆಮೆ, ಹಲ್ಲಿಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆ ಸಾಕಲು ಮಾರುವಂತಿಲ್ಲ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಮನೆಯ ಕಾನೂನಾಗಲಿ, ಟ್ಯಾಂಕ್ ತೊಳೆಯಲು ಅಡುಗೆ ಮನೆಯ ಸಿಂಕ್ ಬೇಡ. ಮತ್ತೆ ನಕ್ಷತ್ರ ಆಮೆಯಂಥದ್ದನ್ನು ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಅಂದರೆ ಕೈ ಮುಗಿದು ಬನ್ನಿ. 2019ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ದಾರೆ. ಯಾವುದೇ ಅಪರೂಪದ ಪ್ರಾಣಿ ತರುವ ಮುಂಚೆ ನೀವಿರುವ ಕಡೆ ಅದನ್ನು ಸಾಕಲು ಕಾನೂನು ಬಿಡುತ್ತದಾ ನೋಡಿಕೊಳ್ಳಿ.

ಸಾಕಲಾಗದಿದ್ದರೆ ಕೆರೆಗೆ ಬಿಡುವುದು ಪುಣ್ಯ ಅಂತ ಕೆಲವರು ಅಂದುಕೊಂಡಿದ್ದಾರೆ. ಗೋಲ್ಡ್ ಫಿಶ್, ಸಕ್ಕರ್, ಸ್ಲೈಡರ್ ಆಮೆ ಮೂರೂ ಹಾಗೆ ಬಿಟ್ಟ ಎಷ್ಟೋ ಕಡೆ ಅಲ್ಲಿನ ಜೀವಿಗಳ ಅನ್ನ ಕಿತ್ತುಕೊಂಡಿವೆ. ಇನ್ನೊಬ್ಬ ಸಾಕುವವರನ್ನು ಹುಡುಕಿ ಕೊಡಿ.

ಕೊನೆಗೆ ಊರಿಗೆ ಹೋಗುವಾಗಿನ ಮಾತು. ಬೆಳೆದ ಮೀನು ಎರಡು ಮೂರು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯವರಿಗೆ ಕೀಲಿ ಕೊಡಬೇಕಾಗುತ್ತದೆ. ಅವರು ಒಳ್ಳೆಯವರು, ಪಾಪ ಮೀನು ಹಸಿದಿದೆ ಅಂತ ಇನ್ನಷ್ಟು ಹಾಕುತ್ತಾರೆ, ತೊಂದರೆ ಅಲ್ಲೇ. ಒಂದೊಂದು ದಿನದ ಆಹಾರವನ್ನು ಪುಟ್ಟ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಟ್ಯಾಂಕಿನ ಪಕ್ಕ ಇಡಿ. ಉಳಿದ ಡಬ್ಬಿಯನ್ನು ಬಚ್ಚಿಡಿ.